ರಾಜ್ಯಸಭೆಯಲ್ಲಿ ಶೂನ್ಯವೇಳೆ ಮೊದಲೇಕೆ?

ಸದಸ್ಯರು ತುರ್ತು ಸಾರ್ವಜನಿಕ ವಿಷಯಗಳನ್ನು ಎತ್ತುವ ಶೂನ್ಯವೇಳೆ ಲೋಕಸಭೆಯಲ್ಲಿ ಹನ್ನೆರಡರ ಬಳಿಕ ಬಂದರೆ, ರಾಜ್ಯಸಭೆಯಲ್ಲಿ ಬೆಳಿಗ್ಗೆಯೇ ಏಕೆ ಎಂದು ಕೇಳಿದ್ದೀರಿ. ಹಿಂದೆ ಅಲ್ಲಿಯೂ ಹನ್ನೊಂದಕ್ಕೆ ಪ್ರಶ್ನೋತ್ತರವೇ ಇತ್ತು. ಗದ್ದಲದಲ್ಲಿ ಅದು ಪದೇ ಪದೇ ಕೊಚ್ಚಿಹೋಗುತ್ತಿದ್ದುದರಿಂದ 2014ರಲ್ಲಿ ಹನ್ನೆರಡಕ್ಕೆ ಸರಿಸಿದರು. ಈಗ ಹನ್ನೊಂದಕ್ಕೆ ಕಾಗದಪತ್ರಗಳ ಮಂಡನೆ, ಆಮೇಲೆ ಶೂನ್ಯವೇಳೆ. (ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ, ರೂಢಿಯಿಂದ ಬಂದದ್ದು.) ಒಬ್ಬರಿಗೆ ಮೂರೇ ನಿಮಿಷ, ಮುಗಿದೊಡನೆ ಮಾತಿನ ನಡುವೆಯೇ ಮೈಕ್ ಬಂದ್. ಪೀಠಿಕೆಗೆ ಎರಡು ನಿಮಿಷ ಕಳೆದ ಸದಸ್ಯರು ಬೇಡಿಕೆಗೆ ಬರುವಷ್ಟರಲ್ಲಿ ದನಿ ಕಡಿದುಹೋದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೇಡಿಕೆಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು. ಲೋಕಸಭೆಯಲ್ಲಾದರೆ ಸದಸ್ಯರು ನಿಯಮ 377ರ ಅಡಿ ಬರಹದಲ್ಲಿ ಕೊಟ್ಟೂ ವಿಷಯ ಎತ್ತಬಹುದು.