ತಾತ ತೀರಿಕೊಂಡ ದಿನ ನಕ್ಕ ಹುಡುಗ

ಐದು ವರ್ಷದ ಈ ಹುಡುಗನನ್ನು ಇಲ್ಲಿ ಅನಿ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ, ಸುತ್ತಲನ್ನು ಗ್ರಹಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಇದೆಯೆಂದು ವೈದ್ಯರು ಮೂರೂವರೆ ವರ್ಷಕ್ಕೇ ಹೇಳಿದ್ದರು. ತಾಯಿ ಮತ್ತು ಅಜ್ಜಿ ಅವನನ್ನು ನನ್ನಲ್ಲಿಗೆ ಕರೆತಂದದ್ದು ಬೇರೆಯ ದೂರಿಗೆ. ತಾತ ತೀರಿಕೊಂಡು ಎರಡು ತಿಂಗಳಾಗಿತ್ತು. ಶವ ಅಂಗಳದಲ್ಲಿದ್ದಾಗ ಹುಡುಗ ಕೇಕೆ ಹಾಕಿ ನಗುತ್ತ ಹಜಾರದ ತುಂಬ ಓಡಾಡಿದನಂತೆ. "ಎತ್ತಿ ಆಡಿಸಿದವರು ಹೋದರೂ ಇವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಮೇಡಂ. ಇವನಿಗೆ ಭಾವನೆಯೇ ಇಲ್ಲವೇ?" ಎಂದು ತಾಯಿ ಕೇಳಿದರು. ಅಜ್ಜಿ ಏನನ್ನೂ ಕೇಳಲಿಲ್ಲ. ನೆಂಟರು ಆಡಿಹೋದ ಮಾತನ್ನು ಅವರು ಇನ್ನೂ ನುಂಗಿಕೊಂಡಿರಲಿಲ್ಲ.

ಭಾವನೆ ಇಲ್ಲ ಎಂಬ ಈ ಆರೋಪ ಹಳೆಯದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಭಾವಸಂಪರ್ಕದ ತೊಡಕಿನ ಮಾತಿತ್ತು. ಜನರ ಬಾಯಲ್ಲಿ ಅದು ‘ಈ ಮಕ್ಕಳಿಗೆ ಪ್ರೀತಿ ತಿಳಿಯದು’ ಎಂದಾಯಿತು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ, ಆಟಿಸಂ ಇರುವವರಿಗೆ ಇಲ್ಲದವರೂ ಇಲ್ಲದವರಿಗೆ ಇರುವವರೂ ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆಯದು ಎಂದು ವಾದಿಸಿದರು. ಅನಿಯ ಮನೆಯಲ್ಲಿ ಒಂದು ಕಡೆಯವರ ಲೆಕ್ಕ ಮಾತ್ರ ನಡೆದಿತ್ತು.

ಆ ದಿನ ನಡೆದದ್ದನ್ನು ಬಿಡಿಬಿಡಿಯಾಗಿ ಹೇಳಿ ಎಂದೆ. ಊದುಬತ್ತಿಯ ಹೊಗೆ, ಗೋಳಾಟ, ಗುರುತಿಲ್ಲದ ಹೆಂಗಸರು ಒಬ್ಬರಾದ ಮೇಲೊಬ್ಬರು ಅವನನ್ನು ಎಳೆದು ಅಪ್ಪಿಕೊಂಡದ್ದು. "ನಗುವಾಗ ಅವನ ಕೈ ಹೇಗಿತ್ತು?" ತಾಯಿ ಸ್ವಲ್ಪ ಹೊತ್ತು ಯೋಚಿಸಿದರು. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದಿದ್ದ, ಕಿವಿ ಕೆಂಪಾಗಿತ್ತು, ತುದಿಗಾಲಲ್ಲೇ ಓಡುತ್ತಿದ್ದ. "ಖುಷಿಯಾದಾಗ?" "ಬೆರಳು ಬಿಡಿಸಿ ಎರಡೂ ಕೈಗಳನ್ನು ಪಟಪಟ ಅಲ್ಲಾಡಿಸುತ್ತಾನೆ." ಹೇಳುತ್ತಲೇ ಅವರು ಅಜ್ಜಿಯ ಕಡೆ ತಿರುಗಿದರು. ತಡೆಯಲಾಗದಷ್ಟು ಗದ್ದಲವಾದಾಗ, ಹೆದರಿಕೆಯಾದಾಗ ಇಂಥ ಮಕ್ಕಳಲ್ಲಿ ಕೆಲವರಿಗೆ ನಗು ಉಕ್ಕುವುದುಂಟು. ಮುಖವನ್ನಷ್ಟೇ ನೋಡಿದವರಿಗೆ ಅದು ಉಡಾಫೆಯಾಗಿ ಕಾಣುತ್ತದೆ.

ಇನ್ನೊಂದು ದೂರು ಸಂಜೆಯದು. ಐದೂವರೆಯಾದರೆ ಚಪ್ಪಲಿ ಹಾಕಿಕೊಂಡು ಗೇಟು ಹಿಡಿದು "ರೈಟ್, ರೈಟ್" ಎಂದು ಕೂಗುತ್ತಾನೆ. ಒಳಗೆ ಕರೆತಂದರೆ ಮುಂಗೈ ಕಚ್ಚಿಕೊಳ್ಳುತ್ತಾನೆ. ಮನೆಯವರು ಇದಕ್ಕೆ ಬಸ್ಸಿನ ಹುಚ್ಚು ಎಂದು ಹೆಸರಿಟ್ಟಿದ್ದರು. ತಾತ ಇದ್ದಾಗ ಆ ಹೊತ್ತಿಗೆ ಅವನನ್ನು ದಿನವೂ ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದರು ಎಂಬುದು ನಾಲ್ಕು ಮಾತು ಆಡಿದ ಮೇಲೆ ಹೊರಬಂತು. ಕೇಳಿದ ಸಾಲನ್ನು ಎಷ್ಟೋ ದಿನಗಳ ಮೇಲೆ ಮತ್ತೆ ಹೇಳುವುದು ಅರ್ಥವಿಲ್ಲದ ಗಿಳಿಪಾಠವಲ್ಲ, ಅದರ ಹಿಂದೆ ಉದ್ದೇಶವಿರುತ್ತದೆ ಎಂದು ಅಮೆರಿಕದ ವಾಕ್-ಭಾಷಾ ತಜ್ಞ ಬ್ಯಾರಿ ಪ್ರಿಜಾಂಟ್ ಮತ್ತವರ ಸಹೋದ್ಯೋಗಿಗಳು 1980ರ ದಶಕದಲ್ಲೇ ತೋರಿಸಿದ್ದಾರೆ. ಕಂಡಕ್ಟರನ ಆ ಎರಡು ಪದಗಳಲ್ಲಿ ತಾತನೂ ಇದ್ದರು, ಹೊರಡುವ ಆಸೆಯೂ ಇತ್ತು.

"ತಾತನ ವಿಷಯ ಅವನಿಗೆ ಏನೆಂದು ಹೇಳಿದಿರಿ?"

"ಊರಿಗೆ ಹೋಗಿದ್ದಾರೆ ಅಂದೆವು. ಮಗು ಅಲ್ಲವೇ," ಎಂದರು ಅಜ್ಜಿ.

ಊರಿಗೆ ಹೋದವರು ಬಸ್ಸಿನಲ್ಲಿ ವಾಪಸು ಬರುತ್ತಾರೆ. ಹೇಳಿದ ಮಾತನ್ನು ಹುಡುಗ ಹಾಗೆಯೇ ನಂಬಿ ಕಾಯುತ್ತಿದ್ದ.

ಮೊದಲು ಮಕ್ಕಳ ವೈದ್ಯರ ಬಳಿ ಕಳಿಸಿದೆ. ಕಚ್ಚಿಕೊಳ್ಳುವುದು ಹೊಸದಾಗಿ ಶುರುವಾದರೆ ಹಲ್ಲು, ಕಿವಿ, ಹೊಟ್ಟೆ ನೋಡಿಸದೆ ಅದನ್ನು ಮನಸ್ಸಿನ ಖಾತೆಗೆ ಬರೆಯಬಾರದು. ನೋವು ಎಲ್ಲಿದೆಯೆಂದು ಈ ಮಕ್ಕಳು ಬೆರಳಿಟ್ಟು ತೋರಿಸದಿರಬಹುದು. ಕಾರಣವಿಲ್ಲದೆ ನಗು ಬಂದು ದೃಷ್ಟಿ ನೆಟ್ಟು ನಿಂತರೆ ಮೂರ್ಛೆರೋಗದ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಆಟಿಸಂ ಇರುವವರಲ್ಲಿ ಆ ರೋಗ ಹೆಚ್ಚು. ಅನಿಗೆ ಮಲಬದ್ಧತೆ ಇತ್ತು. ಅದು ವಾಸಿಯಾದ ಮೇಲೆ ಕಚ್ಚಿಕೊಳ್ಳುವುದು ಸ್ವಲ್ಪ ತಗ್ಗಿತು. ಸಂಜೆಯ ಗೇಟು ಮಾತ್ರ ಹಾಗೆಯೇ ಉಳಿಯಿತು.

ತಾತ ಸತ್ತುಹೋದರು, ಅವರ ದೇಹ ಕೆಲಸ ನಿಲ್ಲಿಸಿತು, ಬಸ್ಸಿನಲ್ಲಿ ಬರುವುದಿಲ್ಲ ಎಂದು ನೇರವಾಗಿ ಹೇಳಿ ಎಂದೆ. ‘ಸತ್ತು’ ಎಂಬ ಮಾತು ಅಜ್ಜಿಯ ನಾಲಗೆಯ ಮೇಲೆ ಬರುವಂತಿರಲಿಲ್ಲ. ಅದನ್ನು ತಂದೆ ಹೇಳುವುದೆಂದಾಯಿತು. ತಾತನ ಫೋಟೊ, ನಿಲ್ದಾಣದ ಫೋಟೊ, ಹಾರ ಹಾಕಿದ ಫೋಟೊ, ತಾಯಿಯ ಜೊತೆ ಅನಿ ಬಸ್ ನೋಡುವ ಫೋಟೊ ಅಂಟಿಸಿ ಪುಟ್ಟ ಪುಸ್ತಕ ಮಾಡಲು ಹೇಳಿದೆ. ಐದೂವರೆಯ ನಡಿಗೆ ನಿಲ್ಲಬಾರದು. ತಾಯಿ ಅಥವಾ ಸೋದರಮಾವ ಕರೆದೊಯ್ಯಲಿ.

ಮನೆಯಲ್ಲಿ ನಗುಮುಖ, ಅಳುಮುಖದ ಚಿತ್ರದ ಕಾರ್ಡುಗಳಿದ್ದವು. ಅನಿ ಎಲ್ಲಕ್ಕೂ ಸರಿಯಾಗಿ ಹೆಸರು ಹೇಳುತ್ತಾನೆ. ತನ್ನ ಎದೆ ಡವಗುಟ್ಟುವಾಗ ಆ ಹೆಸರು ಬಾಯಿಗೆ ಬರುವುದು ಬೇರೆಯೇ ವಿದ್ಯೆ, ಕಾರ್ಡಿನಿಂದ ಅದು ಬರುವುದಿಲ್ಲ. ಕಾರ್ಡು ಒಳಗಿಡಿ ಎಂದೆ. "ಬೇಜಾರಾಯಿತಾ?" ಎಂದು ಕೇಳಿದರೆ ಅವನು ಪ್ರಶ್ನೆಯನ್ನೇ ಮರಳಿ ಹೇಳುತ್ತಾನೆ. ಆದ್ದರಿಂದ ಅವನು ಹೇಳಬೇಕಾದ ಮಾತನ್ನು ಅವನ ಪರವಾಗಿ ಆ ಗಳಿಗೆಯಲ್ಲೇ ನೀವು ಹೇಳಿ: "ಸದ್ದು ಜಾಸ್ತಿಯಾಯಿತು. ಹೊರಗೆ ಹೋಗಬೇಕು." "ತಾತ ಬೇಕು." ಕಚ್ಚಿಕೊಳ್ಳುವಾಗ ಬುದ್ಧಿ ಹೇಳಬೇಡಿ, ಕೈ ಹಿಡಿದೆಳೆಯಬೇಡಿ. ಟಿ.ವಿ. ಆರಿಸಿ, ಕಚ್ಚಲೆಂದೇ ಸಿಗುವ ರಬ್ಬರ್ ಬಳೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಸಂಗತಿ ಬರೆದಿಡಿ: ಸ್ವಲ್ಪ ಮೊದಲು ಏನಾಯಿತು, ಕೈಕಾಲು ಹೇಗಿತ್ತು, ಯಾವ ಸಾಲು ಹೇಳಿದ.

ಆ ಬರಹದಿಂದಲೇ ತಾಯಿಗೆ ಹಲವು ಸಂಗತಿ ತಿಳಿದವು. ಕ್ಷೌರದಂಗಡಿಯಲ್ಲೂ ಮಗ "ರೈಟ್, ರೈಟ್" ಎಂದಿದ್ದ. ಇಲ್ಲಿಂದ ಹೊರಡೋಣ ಎಂದು. ಕಚ್ಚಿಕೊಳ್ಳುವುದು ಪೂರ್ತಿ ನಿಂತಿಲ್ಲ. "ತಾತ ಬೇಕು" ಎಂದು ಒಂದು ರಾತ್ರಿ ತಾನಾಗಿ ಹೇಳಿದನಂತೆ, ಅದೂ ನಗುನಗುತ್ತಲೇ. ಈ ಸಲ ಅಜ್ಜಿ ನೋಡಿದ್ದು ಅವನ ಮುಷ್ಟಿಯನ್ನು.

ಈಗ ವರ್ಷದ ತಿಥಿ ಹತ್ತಿರ ಬಂದಿದೆ. ಹುಡುಗನನ್ನು ಎಲ್ಲಾದರೂ ಕಳಿಸಿಬಿಡಲೇ ಎಂದು ಅಜ್ಜಿ ಕೇಳಿದರು. ನೆಂಟರು ಸೇರುವ ಮೊದಲು ಅವನಿಗೆ ಇಷ್ಟವಿದ್ದರೆ ಫೋಟೊಗೆ ಹೂವಿಡಲಿ, ಕೈಮುಗಿ, ಅಳು ಎಂದು ಯಾರೂ ಒತ್ತಾಯ ಮಾಡಬಾರದು, ಆಮೇಲೆ ಸೋದರಮಾವ ನಿಲ್ದಾಣಕ್ಕೆ ಕರೆದೊಯ್ಯಲಿ, ಮೊಸರನ್ನ ಮೊದಲೇ ತಿನ್ನಿಸಿಬಿಡಿ ಎಂದೆ. ಎಡೆ ಇಡುವ ಮುಂಚೆ ಊಟವೇ ಎಂದು ಅಜ್ಜಿ ಹುಬ್ಬೇರಿಸಿದರು. ಕೊನೆಗೆ ಸೋದರಮಾವನ ಮನೆಯಿಂದಲೇ ಡಬ್ಬಿ ತರಿಸುವುದೆಂದು ಅತ್ತೆ ಸೊಸೆ ಮಾತಾಡಿಕೊಂಡರು.