ವಿಲ್ ರಿಜಿಸ್ಟರ್ ಮಾಡಿಸಲೇಬೇಕಾ? ಆಮೇಲೆ ಮಕ್ಕಳ ಕೈಗೆ ಅದು ಸಿಗುವುದು ಹೇಗೆ?

ನಿಮ್ಮ ತಂದೆ ವಿರಾಜಪೇಟೆ ಹತ್ತಿರದ ತೋಟಕ್ಕೆ ವಿಲ್ ಬರೆದು ಬೀರುವಿನಲ್ಲಿ ಇಟ್ಟಿದ್ದಾರೆ, ಮಕ್ಕಳೆಲ್ಲ ಬೆಂಗಳೂರಲ್ಲಿದ್ದೀವಿ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಕಾನೂನಿಗೆ ಸಾಕು. ಬಿಳಿ ಹಾಳೆಯಲ್ಲಿ ಬರೆದು, ಅವರು ಸಹಿ ಹಾಕಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದ್ದರೆ ಅದು ವಿಲ್ಲೇ. ಛಾಪಾ ಕಾಗದವೂ ಬೇಡ, ನೋಂದಣಿ ಕಡ್ಡಾಯವೂ ಅಲ್ಲ. ಆದರೂ ದಯವಿಟ್ಟು ಮಾಡಿಸಿ.

ನಮ್ಮದು ಸೋಮವಾರಪೇಟೆ ಕಡೆ. ಚಿಕ್ಕಪ್ಪ ತೀರಿಕೊಂಡಾಗ ವಿಲ್ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಪೌತಿ ಖಾತೆ ಆಯ್ತು, ಅಂದರೆ ಖಾತೆ ವಾರಸುದಾರರ ಹೆಸರಿಗೆ ಬಂತು, ಮೂರು ಮಕ್ಕಳು ಪಾಲು ಮಾಡಿಕೊಂಡರು, ಒಬ್ಬ ತನ್ನ ಪಾಲು ಮಾರಿಯೂ ಬಿಟ್ಟ. ನಾಲ್ಕು ವರ್ಷದ ಮೇಲೆ ಒಂದು ಮಳೆಗಾಲ, ಬೀರುವಿನ ಅಡಿಗೆ ಹಾಸಿದ್ದ ಹಳೇ ಪೇಪರ್ ಬದಲಾಯಿಸಲು ಹೋದಾಗ ಅದು ಸಿಕ್ಕಿತು. ಹಾಳೆಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು, ಸಹಿಯ ಶಾಯಿ ಹರಡಿತ್ತು. ಒಲೆಯ ಶಾಖಕ್ಕೆ ಹಿಡಿದು ಮೆಲ್ಲಗೆ ಬಿಡಿಸಿದೆವು. ಮನೆ ಮತ್ತು ಅಂಗಳ, ಕೊನೆವರೆಗೂ ನೋಡಿಕೊಂಡ ಮಗಳಿಗೆ ಅಂತ ಬರೆದಿದ್ದರು. ಒಬ್ಬ ಸಾಕ್ಷಿ ಆಗಲೇ ತೀರಿಕೊಂಡಿದ್ದರು, ಇನ್ನೊಬ್ಬರಿಗೆ ನೆನಪೇ ಹೋಗಿತ್ತು. ತಂಗಿ ಅದನ್ನು ಓದಿ, "ಅಪ್ಪ ಬರೆದಿದ್ರಲ್ಲ" ಅಂದು ಮಡಿಸಿ ಇಟ್ಟುಕೊಂಡಳು. ಕೋರ್ಟಿಗೆ ಹೋಗಲಿಲ್ಲ.

ನಮ್ಮ ಕೊಡಗಿನ ಮಳೆಗೆ ಕಾಗದ ಉಳಿಯಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆ ಮನೆಗಳೇ ಹೋದವು, ಇನ್ನು ಬೀರುವಿನ ಮಾತೆಲ್ಲಿ.

ರಿಜಿಸ್ಟರ್ ಆದ ವಿಲ್ಲನ್ನು ಉಪನೋಂದಣಿ ಕಚೇರಿಯ ಮೂರನೇ ಪುಸ್ತಕದಲ್ಲಿ ದಾಖಲು ಮಾಡುತ್ತಾರೆ. ತಂದೆ ಇರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ ಸಿಗುತ್ತದೆ, ಮಗನೇ ಹೋಗಿ ಕೇಳಿದರೂ ಕೊಡುವಂತಿಲ್ಲ. ಅವರ ಕಾಲಾನಂತರ ಮರಣ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿದವರಿಗೆ ದೃಢೀಕೃತ ನಕಲು ಸಿಗುತ್ತದೆ. ಒಳಗೆ ಏನಿದೆ ಅಂತ ಮೊದಲೇ ಗೊತ್ತಾದರೆ ಜಗಳ ಆಗುತ್ತೆ ಅಂತ ನಿಮ್ಮ ತಂದೆ ಹೆದರಿದ್ದರೆ ಇದನ್ನು ಅವರಿಗೆ ಬಿಡಿಸಿ ಹೇಳಿ. ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಠೇವಣಿ ಇಡುವ ದಾರಿಯೂ ಇದೆ. ಅದನ್ನು ಅವರ ನಂತರ ಯಾರಾದರೂ ಅರ್ಜಿ ಕೊಟ್ಟರೆ ತೆರೆಯುತ್ತಾರೆ. ಇಟ್ಟಿರುವುದೇ ಗೊತ್ತಿಲ್ಲದಿದ್ದರೆ ಅರ್ಜಿ ಕೊಡುವವರು ಯಾರು? ಹಾಗಾಗಿ ನನಗೆ ನೋಂದಣಿಯೇ ವಾಸಿ ಅನಿಸುತ್ತದೆ.

ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ದಿನ ಗೊತ್ತು ಮಾಡಿಕೊಂಡು ಹೋಗಿ. ತಂದೆ ಹಾಸಿಗೆ ಹಿಡಿದಿದ್ದರೆ ಕಾರಣ ಬರೆದು ಅರ್ಜಿ ಕೊಡಿ, ಅಧಿಕಾರಿ ಮನೆಗೇ ಬಂದು ಮಾಡಿಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಸಾಕ್ಷಿಗಳು ತಂದೆಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಆಸ್ತಿ ಪಡೆಯುವವರು ಬೇಡ. ರಿಜಿಸ್ಟರ್ ಆದರೂ ವಿಲ್ಲನ್ನು ಪ್ರಶ್ನಿಸಬಹುದು, ಆಗ ಸಾಕ್ಷಿ ಬಂದು ಹೇಳಬೇಕಾಗುತ್ತದೆ. ತೋಟ ಜಮ್ಮಾ (ಕೊಡಗಿನಲ್ಲಿ ಮನೆತನಕ್ಕೆ ತಲೆಮಾರಿನಿಂದ ಬಂದ ಹಿಡುವಳಿ) ಆಗಿದ್ದು ಒಕ್ಕದವರ, ಅಂದರೆ ಅದೇ ಮನೆತನದವರ, ಹೆಸರೂ ಅದರಲ್ಲಿದ್ದರೆ, ಪೂರ್ತಿ ತನ್ನದು ಅಂತ ಬರೆಯಬಾರದು, ತನ್ನ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ. ಈ ಒಂದು ವಿಷಯಕ್ಕೆ ಜಮ್ಮಾ ಗೊತ್ತಿರುವ ಊರಿನ ವಕೀಲರನ್ನೇ ಹಿಡಿಯಿರಿ. ಮುಂದೆ ಮನಸ್ಸು ಬದಲಾಗಿ ಬೇರೆ ಬರೆದರೆ ಅದನ್ನೂ ರಿಜಿಸ್ಟರ್ ಮಾಡಿಸಿ, ಯಾಕೆಂದರೆ ಕೊನೆಯದಾಗಿ ಬರೆದದ್ದೇ ನಿಲ್ಲುವುದು.

ಆಸ್ತಿ ಇರುವ ತಾಲೂಕಿನಲ್ಲೇ ವಿಲ್ ರಿಜಿಸ್ಟರ್ ಆಗಬೇಕು ಅಂತಿಲ್ಲ. ಅದಕ್ಕೇ ಯಾವ ಕಚೇರಿ ಅಂತ ಮಕ್ಕಳಿಗೆ ಗೊತ್ತಿರಬೇಕು. ಚಿಕ್ಕಪ್ಪನ ಕಾಗದ ಸಿಕ್ಕ ವರ್ಷವೇ ನಮ್ಮಪ್ಪ ತಮ್ಮದನ್ನು ಮಾಡಿಸಿದರು. ಕಚೇರಿಯಿಂದ ಮನೆಗೆ ಬಂದ ಕೂಡಲೇ ಅಪ್ಪ ನಮ್ಮ ಮೂವರಿಗೂ ಫೋನ್ ಮಾಡಿ ಕಚೇರಿ ಹೆಸರು, ದಸ್ತಾವೇಜು ನಂಬರ್, ತಾರೀಖು ಬರೆಸಿ, ತಿರುಗಿ ಓದಿ ಹೇಳಿಸಿಕೊಂಡರು. ಒಳಗೆ ಏನಿದೆ ಅಂತ ಇವತ್ತಿಗೂ ಹೇಳಿಲ್ಲ. ನಾವೂ ಕೇಳಿಲ್ಲ.