ಎಂಟು ಪುಟದ ಆಮಂತ್ರಣ, ಹನ್ನೊಂದು ಜನರ ತಿದ್ದುಪಡಿ

ಪ್ರಶ್ನೆ: ನಾನು ಮನೆಯಿಂದಲೇ ಗ್ರಾಫಿಕ್ ಡಿಸೈನ್ ಮಾಡುವವಳು. ನಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಒಪ್ಪಿಕೊಂಡೆ. ಎಂಟು ಪುಟ, ಎಂಟು ಸಾವಿರ ರೂಪಾಯಿ ಎಂದು ಮಾತಾಗಿತ್ತು. ಈಗ ಇಪ್ಪತ್ತು ಪುಟವಾಗಿದೆ. ಮೇಲಿನಿಂದ ಸ್ವಾಗತ ದ್ವಾರದ ಬ್ಯಾನರ್, ಸ್ವಯಂಸೇವಕರ ಬ್ಯಾಡ್ಜ್, ರಶೀದಿ ಪುಸ್ತಕ, ಹೊರೆಕಾಣಿಕೆಗೆ ವಾಟ್ಸ್ಆ್ಯಪ್ ಪೋಸ್ಟರ್. ಸಮಿತಿಯ ಗ್ರೂಪಿನಲ್ಲಿ ಹನ್ನೊಂದು ಮಂದಿ ತಿದ್ದುಪಡಿ ಕಳಿಸುತ್ತಾರೆ. ಹಣದ ಮಾತೆತ್ತಿದರೆ 'ದೇವರ ಕೆಲಸ ಅಲ್ವಾ' ಅನ್ನುತ್ತಾರೆ. ಏನು ಮಾಡಲಿ?
– ಓದುಗಿ, ಸುರತ್ಕಲ್

ಉತ್ತರ: ಹಣದ ವಿಷಯ ಸ್ವಲ್ಪ ಬದಿಗಿಡುವ. ನಿಮ್ಮ ಪತ್ರ ಓದಿ ನನಗೆ ಹೆದರಿಕೆಯಾದದ್ದು ಇಪ್ಪತ್ತು ಪುಟ ನೋಡಿ ಅಲ್ಲ, ಹನ್ನೊಂದು ಮಂದಿಯನ್ನು ನೋಡಿ.

ಬ್ರಹ್ಮಕಲಶದ ಆಮಂತ್ರಣ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತಂತ್ರಿಗಳು, ಆಡಳಿತ ಮೊಕ್ತೇಸರರು, ಜೀರ್ಣೋದ್ಧಾರ ಸಮಿತಿ, ಉತ್ಸವ ಸಮಿತಿ, ಗೌರವಾಧ್ಯಕ್ಷರು, ಮಹಿಳಾ ಸಮಿತಿ, ಭಜನಾ ಮಂಡಳಿ, ಸಾಲದ್ದಕ್ಕೆ ಮುಂಬೈ ಸಮಿತಿ. ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ, ಇರುವುದೂ ಬೇಡ. ಆದರೆ ಅವರು ಸಭೆಯಲ್ಲಿ ಕೂತು ಮುಗಿಸಬೇಕಾಗಿದ್ದ ಜಗಳ ಈಗ ನಿಮ್ಮ ಫೈಲಿನೊಳಗೆ ನಡೆಯುತ್ತಿದೆ. ಬೆಳಿಗ್ಗೆ ಒಬ್ಬರು ಮೇಲೆ ಹಾಕಿಸಿದ ಹೆಸರನ್ನು ರಾತ್ರಿ ಇನ್ನೊಬ್ಬರು ಕೆಳಗಿಳಿಸುತ್ತಾರೆ. ಅದಕ್ಕೆ ಸಂಬಳವಿಲ್ಲದ ಗುಮಾಸ್ತೆ ನೀವು.

ಆದ್ದರಿಂದ ಪ್ರಧಾನ ಕಾರ್ಯದರ್ಶಿಯವರಿಗೆ ಇವತ್ತೇ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಆಗಬೇಕು. ಹೀಗೆ ಹೇಳಿ: 'ಅಣ್ಣ, ಇನ್ನು ಮುಂದೆ ಗ್ರೂಪಿನಲ್ಲಿ ಬಂದದ್ದನ್ನು ನಾನು ಹಾಕುವುದಿಲ್ಲ. ಪ್ರಿಂಟ್ ತೆಗೆದು ಕೊಡುತ್ತೇನೆ. ಎಲ್ಲರ ತಿದ್ದುಪಡಿ ನೀವೊಬ್ಬರು ಅದರಲ್ಲೇ ಗುರುತು ಮಾಡಿ, ಸಹಿ ಹಾಕಿ ಕೊಡಿ. ಇಲ್ಲದಿದ್ದರೆ ನಾಳೆ ಯಾರದ್ದಾದರೂ ಹೆಸರು ಬಿಟ್ಟುಹೋದರೆ ಬಿಟ್ಟದ್ದು ಯಾರೆಂದು ಗೊತ್ತಾಗುವುದಿಲ್ಲ.' ಈ ಕೊನೆಯ ವಾಕ್ಯವನ್ನು ಮರೆಯಬೇಡಿ. ಹೆಸರು ಬಿಟ್ಟುಹೋಗುವ ಭಯ ನಿಮಗಿಂತ ಅವರಿಗೆ ಹೆಚ್ಚು. 'ಮೂರು ಸಲ ಮಾತ್ರ ತಿದ್ದುಪಡಿ' ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ, ಓಕೆ ಹೇಳುವವರು ಹನ್ನೊಂದು ಮಂದಿಯಾದರೆ ಅದು ಮೂವತ್ತಮೂರು ಸಲ. ಹೇಳುವವರು ಒಬ್ಬರೇ ಆದರೆ ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಕಡಿಮೆ.

ಇನ್ನು ಪುಟಗಳು. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟ ಏರುವುದು ನಾಲ್ಕರ ಲೆಕ್ಕದಲ್ಲಿ. ಎಂಟಾದ ಮೇಲೆ ಹನ್ನೆರಡು, ಆಮೇಲೆ ಹದಿನಾರು, ಇಪ್ಪತ್ತು. ಒಂಬತ್ತು ಎಂಬುದೇ ಇಲ್ಲ. 'ದಾನಿಗಳ ಪಟ್ಟಿಗೆ ಒಂದೇ ಒಂದು ಪುಟ ಸೇರಿಸಿ' ಎನ್ನುವವರಿಗೆ ಇದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. ಎರಡು ಎ4 ಹಾಳೆ ತೆಗೆದುಕೊಂಡು ಒಂದರೊಳಗೊಂದು ಇಟ್ಟು ಅಡ್ಡಕ್ಕೆ ಮಡಚಿ. ಎಂಟು ಪುಟವಾಯಿತು. ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿ ಅವರ ಕೈಗೆ ಕೊಟ್ಟು, 'ಒಂಬತ್ತನೇ ಪುಟ ಎಲ್ಲಿ ಅಂಟಿಸಲಿ, ನೀವೇ ಹೇಳಿ' ಎಂದು ಕೇಳಿ. ಅವರೇ ನಗುತ್ತಾರೆ. ಮತ್ತೆ ಮೂರು ಪುಟ ಖಾಲಿ ಬಿಡಲು ಯಾವ ಸಮಿತಿಗೂ ಮನಸ್ಸು ಬರುವುದಿಲ್ಲ. ಅಲ್ಲಿಗೆ ಶುಭಾಶಯದ ಜಾಹೀರಾತುಗಳು ಬಂದು ಕೂರುತ್ತವೆ, ಒಂದೊಂದು ಜಾಹೀರಾತಿಗೂ ಒಂದೊಂದು ಫೋಟೋ, ಒಂದೊಂದು ಫೋನ್. ನಿಮ್ಮ ಇಪ್ಪತ್ತು ಪುಟ ಹೀಗೆಯೇ ಆಗಿರಬೇಕು. (1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ ನಾಲ್ಕು ಪುಟದ್ದು. ಮಡಚಿದ ಹಾಳೆಯ ಲೆಕ್ಕ ಅಂದಿಗೂ ಇಂದಿಗೂ ಒಂದೇ.)

ಪಠ್ಯದ ಬಗ್ಗೆಯೂ ಹೇಳಬೇಕು, ಏಕೆಂದರೆ ಇದರಲ್ಲಿ ಹೋಗುವ ಸಮಯ ಯಾರ ಕಣ್ಣಿಗೂ ಕಾಣುವುದಿಲ್ಲ. ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸಿರುತ್ತಾರೆ. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ಒತ್ತಕ್ಷರ ಮುರಿಯುತ್ತದೆ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿ ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಹಾಕದಿದ್ದರೆ ಸರಿಯಿದ್ದ ಪಠ್ಯವೂ ಒಡೆದುಹೋಗುತ್ತದೆ. ಪ್ರತಿ ಹೊಸ ಪಠ್ಯಕ್ಕೂ ಈ ಕೆಲಸ ಮೊದಲಿನಿಂದ ಆಗಬೇಕು, ಮತ್ತೆ ಪ್ರೂಫ್ ಓದಬೇಕು. ಆದ್ದರಿಂದ ಮುಂದಿನ ಸಲ ಒಪ್ಪಿಕೊಳ್ಳುವಾಗಲೇ ಬರೆಯಿರಿ: ಪೂರ್ತಿ ಪಠ್ಯ ಒಟ್ಟಿಗೆ, ಯೂನಿಕೋಡಿನಲ್ಲಿ ಬಂದ ಮೇಲೆಯೇ ಪುಟವಿನ್ಯಾಸ ಶುರು. ಅದಕ್ಕೆ ಮೊದಲು ಮುಖಪುಟ ಮಾತ್ರ ಮಾಡಿ ತೋರಿಸಿದರೆ ಸಾಕು.

ಈಗಿನ ಬ್ಯಾನರ್, ಬ್ಯಾಡ್ಜುಗಳಿಗೆ 'ಆಗುವುದಿಲ್ಲ' ಅನ್ನಬೇಡಿ. ಊರಿನಲ್ಲಿ ಆ ಮಾತು ಬಹಳ ವರ್ಷ ಉಳಿಯುತ್ತದೆ. 'ಆಗುತ್ತದೆ, ಇಷ್ಟಾಗುತ್ತದೆ, ಇಂಥ ದಿನ ಕೊಡುತ್ತೇನೆ' ಅನ್ನಿ. ಮುಹೂರ್ತ ಕದಲುವುದಿಲ್ಲವಾದ್ದರಿಂದ ಯಾವುದು ಮೊದಲು ಬೇಕೆಂದು ಅವರಿಂದಲೇ ಹೇಳಿಸಿ. ಆಮಂತ್ರಣ ಮನೆಮನೆಗೆ ಮುಟ್ಟಬೇಕು, ರಶೀದಿ ಪುಸ್ತಕ ಅದಕ್ಕೂ ಮೊದಲು ಬೇಕು. ಬ್ಯಾಡ್ಜ್ ಕೊನೆಯ ವಾರಕ್ಕೆ ಸಾಕು. ಬ್ಯಾನರಿನ ಅಳತೆ ಶಾಮಿಯಾನದವರು ಬರೆದು ಕೊಡಲಿ, ನೀವು ಟೇಪ್ ಹಿಡಿದು ಹೋಗಬೇಡಿ. ಯಾವುದರ ಮೇಲೆ ಮುದ್ರಣ ಎಂದೂ ಈಗಲೇ ಕೇಳಿ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ಬಟ್ಟೆಯಾದರೆ ಬಣ್ಣ ಸ್ವಲ್ಪ ಮಂಕಾಗಿ ಬರುತ್ತದೆ, ಆಮೇಲೆ ಆ ದೂರೂ ನಿಮ್ಮ ಬಾಗಿಲಿಗೇ.

ದೇವರ ಕೆಲಸ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ. ಸೇವೆ ಮಾಡುವ ಮನಸ್ಸಿದ್ದರೆ ಖಂಡಿತ ಮಾಡಿ, ಆದರೆ ಬಿಲ್ಲಿನಲ್ಲಿ ಬರೆದು ಮಾಡಿ. ಪ್ರತಿ ಕೆಲಸಕ್ಕೂ ಪೂರ್ತಿ ದರ ಹಾಕಿ, ಕೆಳಗೆ 'ಸೇವಾರೂಪದಲ್ಲಿ' ಎಂದು ಎಷ್ಟು ಬಿಡುತ್ತೀರೋ ಅಷ್ಟು ಕಳೆಯಿರಿ. ಶಾಮಿಯಾನದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಹಣ ಕೊಡುವ ಸಮಿತಿಗೆ ನಿಮ್ಮ ಕೆಲಸಕ್ಕೂ ಬೆಲೆ ಉಂಟೆಂದು ಕಾಗದದಲ್ಲಿ ಕಾಣಲಿ. ಬಾಯಿಮಾತಿನಲ್ಲಿ ಬಿಟ್ಟ ಹಣ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಪ್ರಶ್ನೆ: ನಮ್ಮದು ಕಾರ್ಕಳದ ಬಳಿ ಚಿಕ್ಕ ಗೇರುಬೀಜದ ಉದ್ಯಮ. ಪ್ಯಾಕೆಟ್ ಡಿಸೈನಿಗೆ ಒಬ್ಬರನ್ನು ಹಿಡಿದೆವು. ಏನು ಹೇಳಿದರೂ 'ಇದು ಎಕ್ಸ್‌ಟ್ರಾ' ಅನ್ನುತ್ತಾರೆ. ಒಂದೇ ಡಿಸೈನಿನಲ್ಲಿ ತೂಕ ಬದಲಾಯಿಸಲು ಎಂತ ಖರ್ಚು ಮಾರಾಯ್ರೇ? ನಾವು ಮೋಸ ಹೋಗುತ್ತಿದ್ದೇವೆಯೇ?
– ಓದುಗ, ಕಾರ್ಕಳ

ಉತ್ತರ: ನಿಮ್ಮ ಪತ್ರದ ಹಿಂಬದಿಯಲ್ಲಿ ಬೀಜದ ಗಾತ್ರದ ಗ್ರೇಡುಗಳ ಪಟ್ಟಿ ಕೊಟ್ಟಿದ್ದೀರಿ: ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320, ಮೂರೂ 200 ಗ್ರಾಂ ಮತ್ತು 500 ಗ್ರಾಮಿನಲ್ಲಿ. ನಿಮ್ಮ ಲೆಕ್ಕದಲ್ಲಿ ಅದು ಒಂದು ಡಿಸೈನ್. ಡಿಸೈನರ್ ಲೆಕ್ಕದಲ್ಲಿ ಆರು ಆರ್ಟ್‌ವರ್ಕ್. ಎರಡು ಗಾತ್ರದ ಪೌಚಿಗೆ ಎರಡು ಅಳತೆ, ಪ್ರತಿಯೊಂದಕ್ಕೂ ಬೇರೆ ತೂಕ, ಬೇರೆ ಬೆಲೆ, ಬೇರೆ ಬಾರ್‌ಕೋಡ್. ಇದು ಮೋಸವಲ್ಲ. ಆದರೆ ಮೊದಲ ದಿನವೇ 'ಎಷ್ಟು ಗ್ರೇಡ್, ಎಷ್ಟು ತೂಕ' ಎಂದು ಅವರು ಕೇಳಬೇಕಿತ್ತು. ಕೇಳದೆ ಒಂದು ಮೊತ್ತ ಹೇಳಿದ್ದು ಅವರ ತಪ್ಪು.

ಪ್ಯಾಕಿಂಗಿನಲ್ಲಿ ಬದಲಾವಣೆಗೆ ಹೆದರುವುದಕ್ಕೆ ಇನ್ನೊಂದು ಕಾರಣ ಉಂಟು. ಪೌಚ್ ದೊಡ್ಡ ಸಂಖ್ಯೆಯಲ್ಲಿ ಮುದ್ರಿಸುವುದು ಗ್ರೇವ್ಯೂರ್ ಯಂತ್ರದಲ್ಲಿ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೊರೆಯುತ್ತಾರೆ. ಕೊರೆಯುವ ಮೊದಲು ಒಂದು ಅಕ್ಷರ ತಿದ್ದಲು ಐದು ನಿಮಿಷ, ಕೊರೆದ ಮೇಲೆ ಅದೇ ಅಕ್ಷರಕ್ಕೆ ಹೊಸ ಸಿಲಿಂಡರ್. ಮಾರುಕಟ್ಟೆಯಲ್ಲಿ ಯಾವ ತೂಕ ಓಡುತ್ತದೆಂದು ಇನ್ನೂ ಗೊತ್ತಿಲ್ಲವಾದರೆ ಸಿಲಿಂಡರಿನ ಗೋಜಿಗೇ ಹೋಗಬೇಡಿ. ಸಾದಾ ಪೌಚಿಗೆ ಸ್ಟಿಕ್ಕರ್ ಲೇಬಲ್ ಅಂಟಿಸಿ ಒಂದು ಸೀಸನ್ ಮಾರಿ ನೋಡಿ.

ಡಿಸೈನರನ್ನು ಮತ್ತೆ ಕರೆಯುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪೋಷಕಾಂಶದ ಪಟ್ಟಿ, ನಿಮ್ಮ ಪೂರ್ತಿ ವಿಳಾಸ, ಗ್ರಾಹಕರು ದೂರು ಹೇಳುವ ಫೋನ್, 890ರಿಂದ ಶುರುವಾಗುವ ಬಾರ್‌ಕೋಡ್. ಹಸಿರು ಚೌಕದೊಳಗಿನ ಹಸಿರು ಚುಕ್ಕೆಗೆ ಜಾಗ ಬಿಡಲೇಬೇಕು. ಕಾನೂನು ಬೇಡುವ ಅಕ್ಷರಗಳ ಎತ್ತರಕ್ಕೂ ನಿಯಮ ಉಂಟು, 'ಇದನ್ನು ಚಿಕ್ಕದು ಮಾಡಿ, ಲೋಗೋ ದೊಡ್ಡದು ಮಾಡಿ' ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಇವೆಲ್ಲ ಒಂದೊಂದಾಗಿ ನೆನಪಾದ ಹಾಗೆ ಕಳಿಸಿದರೆ ಪ್ರತಿ ಸಲವೂ ಮುಂಭಾಗ ಹಿಂಭಾಗ ಎರಡೂ ಅಲುಗಾಡುತ್ತವೆ.

ಡಿಸೈನರ್ ಮಾಡಿದ ಕಾಗುಣಿತದ ತಪ್ಪು ತಿದ್ದಲು ಹಣ ಕೇಳಿದರೆ ಮಾತ್ರ ಒಂದು ಪೈಸೆ ಕೊಡಬೇಡಿ. ಮತ್ತೆ, ಬಣ್ಣ ಆರಿಸುವಾಗ ನೀವು, ನಿಮ್ಮ ಮಗ, ಪಾಲುದಾರರು ಮೂವರೂ ಬೇರೆ ಬೇರೆಯಾಗಿ ಫೋನ್ ಮಾಡಿದ್ದೀರೆಂದು ಬರೆದಿದ್ದೀರಿ. ಸುರತ್ಕಲಿನವರಿಗೆ ಮೇಲೆ ಹೇಳಿದ್ದನ್ನೇ ಇನ್ನೊಂದು ಬದಿಯಿಂದ ಓದಿಕೊಳ್ಳಿ. ಮಗ ಒಬ್ಬನೇ ಮಾತಾಡಲಿ.

ಪ್ರಶ್ನೆ: ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿದಾಗ ಬಾಯಿಗೆ ಬಂದದ್ದು ಹೇಳುತ್ತೇನೆ, ಯಾವಾಗಲೂ ತಪ್ಪುತ್ತದೆ.
– ವಿದ್ಯಾರ್ಥಿ, ಮಣಿಪಾಲ

ಉತ್ತರ: ನೀವು ನಿಮ್ಮ ಕೈಕೆಲಸವನ್ನು ಮಾತ್ರ ಲೆಕ್ಕ ಹಾಕುತ್ತಿದ್ದೀರಿ, ಕಾಯುವುದನ್ನು ಹಾಕುತ್ತಿಲ್ಲ. 'ಹದಿನೈದು ದಿನ' ಎನ್ನುವ ಬದಲು 'ಪೂರ್ತಿ ಪಠ್ಯ, ಫೋಟೋ, ಮುಂಗಡ ಮೂರೂ ಸಿಕ್ಕಿದ ದಿನದಿಂದ ಹದಿನೈದು ದಿನ' ಎನ್ನಿ. ಅವರು ಪ್ರೂಫ್ ಇಟ್ಟುಕೊಂಡು ಕೂರುವ ದಿನಗಳು ಅದರಲ್ಲಿ ಸೇರಿಲ್ಲವೆಂದೂ ಹೇಳಿ. ಪ್ರೆಸ್ಸಿನವರನ್ನು ಕೇಳದೆ ಮುದ್ರಣದ ದಿನ ಹೇಳಲೇಬೇಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಆಮೇಲೆ ಮಳೆಗಾಲದವರೆಗೆ ಜಾತ್ರೆ, ನೇಮ, ಮದುವೆ. ಎಲ್ಲಕ್ಕೂ ಕಾಗದ ಬೇಕು.

ಪ್ರಶ್ನೆ: ಲೋಗೋ ಮಾಡಿಕೊಟ್ಟು ಹಣವೂ ಬಂತು. ಈಗ ಗ್ರಾಹಕರು ಓಪನ್ ಫೈಲ್ (ತಿದ್ದಲು ಬರುವ ಮೂಲ ಫೈಲ್) ಕೊಡಿ, ಅದು ನಮ್ಮದೇ ಅಲ್ಲವಾ ಅನ್ನುತ್ತಾರೆ. ಕೊಡಬೇಕೇ?
– ಓದುಗ, ಕುಂದಾಪುರ

ಉತ್ತರ: ಏನು ಮಾತಾಗಿತ್ತು ಎಂಬುದರ ಮೇಲೆ ಹೋಗುತ್ತದೆ, ನೀವೋ ಆ ಮಾತೇ ಆಡಿಲ್ಲ. ಪಿಡಿಎಫ್ ಮತ್ತು ಪಿಎನ್‌ಜಿ ಕೊಡುತ್ತೇನೆ, ಕೋರಲ್ ಡ್ರಾದಲ್ಲಿ ಮಾಡಿದ ಮೂಲ ಫೈಲಿಗೆ ಬೇರೆ ದರ ಎಂದು ಕೊಟೇಶನ್ನಿನಲ್ಲೇ ಒಂದು ಸಾಲು ಇರಬೇಕಿತ್ತು. ಹಕ್ಕು ಬೇರೆ, ಫೈಲ್ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ. ಅಂಗಡಿಯ ಬೋರ್ಡಿಗೆ ಜೀವಮಾನವಿಡೀ ಬೇಕಾದ ಲೋಗೋ ಇದು, ಆದ್ದರಿಂದ ಈ ಕಾಗದ ನಿಮಗಿಂತ ಹೆಚ್ಚು ಅವರಿಗೇ ಬೇಕು. ಒಂದು ಪುಟದಲ್ಲಿ ಬರೆದು, ಅದಕ್ಕೂ ಫೈಲಿಗೂ ಸೇರಿಸಿ ಒಂದು ಮೊತ್ತ ಹೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಫೋಲ್ಡರಿನೊಳಗೆ ಫಾಂಟ್ ಮಾತ್ರ ಹಾಕಿ ಕೊಡಬೇಡಿ. ಹಣ ಕೊಟ್ಟು ತೆಗೆದುಕೊಂಡ ಫಾಂಟಿನ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರರೂಪಕ್ಕೆ ಬದಲಾಯಿಸಿ ಕೊಡಿ, ಫಾಂಟಿನ ಹೆಸರು ಬರೆದುಕೊಡಿ. ಬೇಕಾದರೆ ಅವರೇ ಕೊಂಡುಕೊಳ್ಳಲಿ.